ಲೈಕ್ ಒತ್ತಿದ ಮೇಲೆ

ಹೊರನಾಡಿನಲ್ಲಿರುವ ನಮಗೆ ಒಂದು ಕಾಲಕ್ಕೆ ಕನ್ನಡದ ಹಾಡೆಂದರೆ ಊರಿನಿಂದ ತಂದ ಕ್ಯಾಸೆಟ್ಟು. ಇಂದು ರಘು ದೀಕ್ಷಿತ್ 2008ರ ತಮ್ಮ ಆಲ್ಬಂನಲ್ಲಿ ಹಾಡಿದ ಶಿಶುನಾಳ ಶರೀಫರ ಗುಡುಗುಡಿಯ ಪದವನ್ನು ಯೂಟ್ಯೂಬ್ ಕ್ಷಣದಲ್ಲಿ ಅಂಗೈಗೆ ತರುತ್ತದೆ. ಧ್ವನಿಮುದ್ರಣ ಸಂಸ್ಥೆಗಳ ಬಾಗಿಲು ಕಾಯದೆ ಹೊಸ ಗಾಯಕರೂ ಕೇಳುಗರನ್ನು ತಲುಪಬಲ್ಲರು. ಇದು ಸಣ್ಣ ಲಾಭವಲ್ಲ.

ಆದರೆ ಯಾರ ಹಾಡು ಯಾರ ಕಣ್ಣಿಗೆ ಬೀಳಬೇಕೆಂಬುದು ಈಗ ಜಾಲತಾಣಗಳ ಲೆಕ್ಕಾಚಾರಕ್ಕೆ ಬಿಟ್ಟದ್ದು. ನಾವು ಒತ್ತುವ ಲೈಕ್‌ನಿಂದ ತಬಲಾ ವಾದಕರ ಸಂಭಾವನೆಯೂ ಹುಟ್ಟದು. ಬೆರಳ ತುದಿಯಲ್ಲಿ ಅಭಿಮಾನ ಮೆರೆಯುವ ನಾವೇ, ಅದೇ ಗಾಯಕರು ನಮ್ಮ ನಗರಕ್ಕೆ ಬಂದಾಗ ಉಚಿತ ಪಾಸು ಕೇಳುತ್ತೇವೆ. ಸಿಕ್ಕ ಮೇಲೂ ಕುರ್ಚಿಯನ್ನು ಖಾಲಿ ಬಿಡುತ್ತೇವೆ.

ಜಾಲತಾಣ ಪರಿಚಯ ಮಾಡಿಸೀತು, ಅಷ್ಟೆ. ಟಿಕೆಟು ಕೊಂಡು ಎದುರು ಕುಳಿತು ಕೇಳಬೇಕಾದವರು ನಾವು.