ಮನೆವಾರ್ತೆ: ಮಿತವಾದ ಬೆಲೆಯ ಲ್ಯಾಪ್‌ಟಾಪನ್ನು ಆರಿಸುವ ಬಗೆ

ಪ್ರತಿಯೊಂದು ತಲೆಮಾರಿನ ಸಂಸಾರಕ್ಕೂ ಒಂದು ದೊಡ್ಡ ಖರೀದಿ ಇರುತ್ತದೆ. ಅಜ್ಜಂದಿರ ಕಾಲಕ್ಕೆ ಅದು ಒಂದು ಜೋಡಿ ಎತ್ತು. ತಂದೆಯವರ ಕಾಲಕ್ಕೆ ಸೈಕಲ್ಲು ಇಲ್ಲವೆ ಹೊಲಿಗೆಯ ಯಂತ್ರ. ಈಗಲಾದರೋ ಮಗನೋ ಮಗಳೋ ಕಾಲೇಜಿನ ಮೆಟ್ಟಲು ಹತ್ತಿದೊಡನೆ ಮನೆಯಲ್ಲಿ ಲ್ಯಾಪ್‌ಟಾಪಿನ ಮಾತು ಏಳುತ್ತದೆ. ಹಣವುಳ್ಳವರಿಗೆ ಈ ಲೇಖನದ ಅವಶ್ಯಕತೆಯಿಲ್ಲ. ಒಮ್ಮೆ ಕೊಂಡರೆ ಐದಾರು ವರುಷ ಮತ್ತೊಂದನ್ನು ಕೊಳ್ಳಲಾರದವರಿಗಾಗಿಯೇ ಇದನ್ನು ಬರೆದಿದ್ದೇನೆ.

ಹೋದ ವರುಷ ಇಳಕಲ್ಲಿನಲ್ಲಿ ಪರಿಚಯದ ನೇಕಾರರೊಬ್ಬರ ಮನೆಗೆ ಹೋಗಿದ್ದೆನು. ಅವರ ಮಗಳು ಬಾಗಲಕೋಟೆಯಲ್ಲಿ ಬಿ.ಕಾಂ. ಓದುತ್ತಾಳೆ. ತಂದೆ ಸಾಲ ಮಾಡಿ, 24,000 ರೂಪಾಯಿ ಕೊಟ್ಟು ಅವಳಿಗೆ ಹೊಸ ಲ್ಯಾಪ್‌ಟಾಪು ತಂದಿದ್ದರು. ಎಷ್ಟೋ ಸೀರೆಗಳ ಮಜೂರಿ ಅದರಲ್ಲಿ ಅಡಗಿತ್ತು. ಮುಚ್ಚಳವು ಬೆಳ್ಳಿಯಂತೆ ಹೊಳೆಯುತ್ತಿತ್ತು. ಆದರೆ ಆರು ತಿಂಗಳು ಕಳೆಯುವಷ್ಟರಲ್ಲಿ ಯಂತ್ರವು ಕಣ್ಣು ತೆರೆಯಲು ಐದಾರು ನಿಮಿಷ ಹಿಡಿಯತೊಡಗಿತು. ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನ 'ಜಾಗ ಸಾಲದು' ಎಂದು ಹೇಳಿ ನಿಂತೇಬಿಟ್ಟಿತು. ಹುಡುಗಿಗೆ ಆ ವರುಷದ ವೇತನ ತಪ್ಪಿತು.

ಆಕೆಯ ತಾಯಿ ನನಗೆ ಕೇಳಿದ ಪ್ರಶ್ನೆ ಇಂದಿಗೂ ಕಿವಿಯಲ್ಲಿದೆ: "ಸೀರಿ ಆದ್ರ ಸೆರಗು ತಿರುವಿ ನೋಡಿ ತಗೋತೀವ್ರೀ. ಇದಕ್ಕ ತಿರುವಿ ನೋಡೂದು ಏನ ಐತ್ರೀ?"

ಪ್ರಶ್ನೆ ಯೋಗ್ಯವಾದುದು. ಇಳಕಲ್ಲ ಸೀರೆಯ ಮರ್ಮವನ್ನು ಬಲ್ಲವರು ಬಣ್ಣಕ್ಕೆ ಮರುಳಾಗುವುದಿಲ್ಲ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಕೂಡಿಸಿದ ಜಾಗವನ್ನು ತಿರುವಿ ನೋಡುತ್ತಾರೆ. ಲ್ಯಾಪ್‌ಟಾಪಿಗೂ ಅಂಥ ಜಾಗಗಳಿವೆ. ಆ ಮನೆಯ ಯಂತ್ರದ ಪೆಟ್ಟಿಗೆಯನ್ನು ತರಿಸಿ ಓದಿದೆನು: ಎರಡೇ ಕೋರಿನ ಪ್ರೊಸೆಸರು, 4 ಜಿಬಿ ರ‍್ಯಾಮ್, 64 ಜಿಬಿಯ ಇಎಮ್‌ಎಮ್‌ಸಿ ಸಂಗ್ರಹ. ಅಂಗಡಿಯವರು ಸುಳ್ಳು ಹೇಳಿರಲಿಲ್ಲ. ಎಲ್ಲವೂ ಪೆಟ್ಟಿಗೆಯ ಮೇಲೆ ಅಚ್ಚಾಗಿತ್ತು. ಅದನ್ನು ಓದತಕ್ಕವರು ಮಾತ್ರ ಇರಲಿಲ್ಲ.

ಕೊಳ್ಳುವ ಮೊದಲು, ಮನೆಯಲ್ಲಿ ಯಾವ ಯಾವ ಕೆಲಸ ಆಗಬೇಕೆಂಬುದನ್ನು ಒಂದು ಚೀಟಿಯ ಮೇಲೆ ಬರೆಯಿರಿ. ಪಾಠದ ಟಿಪ್ಪಣಿ, ಲೆಕ್ಕಪತ್ರ, ವಿಡಿಯೋ ಪಾಠ, ಬ್ಯಾಂಕಿನ ವ್ಯವಹಾರ, ಸೇವಾ ಸಿಂಧುವಿನ ಅರ್ಜಿ, ಹೊಲದ ಪಹಣಿ — ಬಹುತರ ಮನೆಗಳಲ್ಲಿ ಇಷ್ಟೇ. ಇವುಗಳಿಗೆ ಆಟಗಾರರಿಗಾಗಿ ಮಾಡಿದ ಗ್ರಾಫಿಕ್ಸ್ ಕಾರ್ಡೂ ಬೇಡ, ಬೆರಳು ಮುಟ್ಟಿದರೆ ಓಡುವ ಪರದೆಯೂ ಬೇಡ.

ಎರಡನೆಯದಾಗಿ, ಮುಂದೆ ಬದಲಿಸಲು ಬರುವುದಾವುದು, ಬಾರದುದಾವುದು ಎಂಬುದನ್ನು ತಿಳಿಯಬೇಕು. ಪ್ರೊಸೆಸರನ್ನು ಬದಲಿಸಲು ಬರುವುದಿಲ್ಲ. ಪರದೆಯನ್ನೂ ಕೀಲಿಮಣೆಯನ್ನೂ ಬದಲಿಸುವುದು ವೆಚ್ಚದ ಕೆಲಸ. ರ‍್ಯಾಮ್ ಕೆಲವು ಯಂತ್ರಗಳಲ್ಲಿ ಬೆಸುಗೆ ಹಾಕಲ್ಪಟ್ಟಿರುತ್ತದೆ, ಕೆಲವುಗಳಲ್ಲಿ ಹೆಚ್ಚಿಸಲು ಬರುತ್ತದೆ. ಎಸ್‌ಎಸ್‌ಡಿ ಎಂಬ ಸಂಗ್ರಹವನ್ನು ಹೆಚ್ಚಾಗಿ ಬದಲಿಸಬಹುದು. ಆದುದರಿಂದ ಕೈಯಲ್ಲಿರುವ ಹಣವನ್ನು ಬದಲಿಸಲು ಬಾರದ ಅಂಗಗಳ ಮೇಲೆ ಮೊದಲು ಹಾಕತಕ್ಕದ್ದು. ಈ ಲೇಖನದ ಸಾರವೇ ಇದು. ಮಿಕ್ಕುದೆಲ್ಲ ಇದರ ವಿವರಣೆ.

ಪ್ರೊಸೆಸರಿನ ಹೆಸರಿನಲ್ಲಿ ಜನರು ಬಹಳವಾಗಿ ಮೋಸಹೋಗುತ್ತಾರೆ. ಇಂಟೆಲ್ ಕಂಪನಿಯ 'ಐ7' ಎಂಬುದು 'ಐ3'ಕ್ಕಿಂತ ಯಾವಾಗಲೂ ಮೇಲೆಂದು ತಿಳಿಯುವುದು ತಪ್ಪು. 2016ರ ಐ7-7500ಯು ಎಂಬುದರಲ್ಲಿ ಇರುವುದು 2 ಕೋರು. 2022ರ ಐ3-1215ಯು ಎಂಬುದರಲ್ಲಿ 6. ಅಡ್ಡಗೆರೆಯ ಮುಂದಿನ ಅಂಕಿಯೇ ಪೀಳಿಗೆಯನ್ನು ಹೇಳುತ್ತದೆ: ಮೊದಲನೆಯದು 7ನೆಯ ಪೀಳಿಗೆ, ಎರಡನೆಯದು 12ನೆಯದು. ನಾವು ಹೇಳಿದ ಕೆಲಸಗಳಿಗೆ 12ನೆಯ ಪೀಳಿಗೆಯ ಐ3 ಇಲ್ಲವೆ ಎಎಮ್‌ಡಿ ಕಂಪನಿಯ ರೈಜೆನ್ ವರ್ಗದ 4 ಕೋರಿನ ಪ್ರೊಸೆಸರು ಧಾರಾಳವಾಗಿ ಸಾಕು.

ರ‍್ಯಾಮ್ ಎಂದರೆ ಯಂತ್ರವು ಕೆಲಸ ಹರಡಿಕೊಂಡು ಕೂಡುವ ಕಟ್ಟೆ. ವಿಂಡೋಸ್ 11 ನಡೆಯಲು 4 ಜಿಬಿ ಸಾಕೆಂದು ಅದನ್ನು ಮಾಡಿದವರೇ ಹೇಳಿರುವರು. ಆದರೆ ನಡೆಯುವುದು ಬೇರೆ, ಕೆಲಸ ಮಾಡುವುದು ಬೇರೆ. 8 ಜಿಬಿಗಿಂತ ಕಡಿಮೆಯದನ್ನು ಕೊಳ್ಳಬೇಡಿರಿ. ಬೆಸುಗೆ ಹಾಕಿದ್ದಾದರೆ, ಶಕ್ತಿಯಿದ್ದಲ್ಲಿ 16 ಜಿಬಿಯದನ್ನೇ ತೆಗೆದುಕೊಳ್ಳಿರಿ. ಸಂಗ್ರಹವು ಎಸ್‌ಎಸ್‌ಡಿಯೇ ಆಗಿರಬೇಕು. 256 ಜಿಬಿ ಕನಿಷ್ಠ, 512 ಜಿಬಿ ನೆಮ್ಮದಿ. 64 ಜಿಬಿಯ ಇಎಮ್‌ಎಮ್‌ಸಿಯಲ್ಲಿ ಸುಮಾರು ಅರ್ಧ ಜಾಗವನ್ನು ವಿಂಡೋಸೇ ನುಂಗುತ್ತದೆ. ಇಳಕಲ್ಲಿನ ಹುಡುಗಿಯ ಕಷ್ಟದ ಮೂಲ ಇಲ್ಲಿಯೇ ಇತ್ತು.

ಪರದೆಯ ಮೇಲೆ ದಿನಕ್ಕೆ ನಾಲ್ಕು ತಾಸು ಕಣ್ಣಿಡುವವರು ಮಕ್ಕಳು. ಆದಕಾರಣ 1920ಕ್ಕೆ 1080 ಚುಕ್ಕೆಗಳಿರುವ, ಐಪಿಎಸ್ ಎಂಬ ಜಾತಿಯ ಪರದೆಯನ್ನು ಕೇಳಿರಿ. ಅದನ್ನು ಬದಿಯಿಂದ ಓರೆಯಾಗಿ ನೋಡಿದರೂ ಬಣ್ಣಗೆಡುವುದಿಲ್ಲ. ಬ್ಯಾಟರಿಯ ಬಲವನ್ನು ವಾಟ್-ಅವರಿನಲ್ಲಿ ಬರೆದಿರುತ್ತಾರೆ. 42 ವಾಟ್-ಅವರಿನ ಬ್ಯಾಟರಿಯಿಂದ, ಓದುಬರೆಹಕ್ಕೆ 8ರಿಂದ 10 ವಾಟ್ ಖರ್ಚಾದರೆ, 4ರಿಂದ 5 ತಾಸು ಕೆಲಸ ನಡೆದೀತು. ಜಾಹೀರಾತಿನ ಹತ್ತು ತಾಸಿಗಿಂತ ಈ ಭಾಗಾಕಾರ ಹೆಚ್ಚು ನಂಬಿಕೆಗೆ ಯೋಗ್ಯ.

ಹಳೆಯ ಯಂತ್ರವನ್ನು ಕೊಳ್ಳುವುದು ಹೀನವಲ್ಲ. ಕಚೇರಿಗಳಲ್ಲಿ ಬಳಸಿ ಬಿಟ್ಟ ಗಟ್ಟಿಮುಟ್ಟಾದ ಲ್ಯಾಪ್‌ಟಾಪುಗಳು ಹೊಸ ಅಗ್ಗದವುಗಳಿಗಿಂತ ಎಷ್ಟೋ ಸಲ ಮೇಲಾಗಿರುತ್ತವೆ. ಆದರೆ ಒಂದು ಎಚ್ಚರಿಕೆ ಬೇಕು. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಆಶ್ರಯವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ, ಸಾಮಾನ್ಯವಾಗಿ ಹೇಳುವುದಾದರೆ, ಇಂಟೆಲಿನ 8ನೆಯ ಪೀಳಿಗೆಯಾದರೂ ಬೇಕು. ಅದಕ್ಕಿಂತ ಹಳೆಯದನ್ನು ಅಗ್ಗವೆಂದು ತಂದವರು ಲಿನಕ್ಸನ್ನು ಕಲಿಯಲು ಸಿದ್ಧರಿರಬೇಕು. ಹಳೆಯದರ ಬ್ಯಾಟರಿ ಸವೆದಿರುತ್ತದೆಂದೇ ತಿಳಿದು, ಹೊಸ ಬ್ಯಾಟರಿಯ ಬೆಲೆಯನ್ನೂ ಲೆಕ್ಕದಲ್ಲಿ ಹಿಡಿಯಿರಿ.

ಇನ್ನು ನಮ್ಮ ಸೀಮೆಯ ಮಾತು. ಬಹಳ ಲ್ಯಾಪ್‌ಟಾಪುಗಳ ಕೈಪಿಡಿಯಲ್ಲಿ 35 ಡಿಗ್ರಿಯವರೆಗಿನ ಹವೆಯಲ್ಲಿ ನಡೆಸಬೇಕೆಂದು ಬರೆದಿರುತ್ತದೆ. ಬೇಸಗೆಯಲ್ಲಿ ಬಾಗಲಕೋಟೆ, ಬಾದಾಮಿ, ಹುನಗುಂದಗಳ ಮಧ್ಯಾಹ್ನವು 40ನ್ನು ಮುಟ್ಟುತ್ತದೆ. ಇಳಕಲ್ಲಿನಲ್ಲಿ ಗ್ರಾನೈಟಿನ ಧೂಳು ಬೇರೆ. ಅದು ಪಂಖದ ಸಂದಿಯಲ್ಲಿ ಕೂತರೆ ಯಂತ್ರ ಕಾದು ನಿಧಾನವಾಗುತ್ತದೆ. ಹಾಸಿಗೆಯ ಮೇಲಿಟ್ಟು ನಡೆಸಬೇಡಿರಿ, ಮಣೆಯ ಮೇಲಿಡಿರಿ. ವರುಷಕ್ಕೊಮ್ಮೆ ಧೂಳು ತೆಗೆಸಿರಿ. ಯಂತ್ರ ಕೆಟ್ಟರೆ ರಿಪೇರಿಯವನು ಮನೆಗೆ ಬರುವನೋ, ನಾವೇ ಹುಬ್ಬಳ್ಳಿಗೆ ಹೊತ್ತೊಯ್ಯಬೇಕೋ ಎಂಬುದನ್ನು ಹಣ ಎಣಿಸುವ ಮೊದಲೇ ಕೇಳಿರಿ. ಹೋಗಿಬರುವ ದಿನದ ದುಡಿಮೆಯೂ ಬೆಲೆಯ ಒಂದು ಭಾಗವೇ.

ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿರಿ. ಸೆಟ್ಟಿಂಗ್ಸಿನಲ್ಲಿ 'ಸಿಸ್ಟಮ್', ಅದರೊಳಗೆ 'ಅಬೌಟ್' ಎಂಬುದನ್ನು ತೆರೆದರೆ ಪ್ರೊಸೆಸರಿನ ಪೂರ್ತಿ ಹೆಸರೂ ರ‍್ಯಾಮಿನ ಅಳತೆಯೂ ಕಾಣುವವು. ಇದೇ ಸೆರಗಿನ ಕೊಂಡಿ. ಅನಂತರ ಓದತಕ್ಕ ಹುಡುಗನನ್ನೋ ಹುಡುಗಿಯನ್ನೋ ಕೂಡಿಸಿ ಹತ್ತು ನಿಮಿಷ ಕನ್ನಡದಲ್ಲಿ ಬರೆಯಿಸಿರಿ. ಜೊತೆಗೆ ಒಂದು ವಿಡಿಯೋ ಓಡಲಿ, ನಾಲ್ಕಾರು ಪುಟ ತೆರೆದಿರಲಿ. ತಡವರಿಸಿದರೆ ಬೇರೆಯದನ್ನು ನೋಡಿರಿ. ಉಚಿತವೆಂದು ಕೊಡುವ ಚೀಲಕ್ಕೂ ಮೌಸಿಗೂ ಮನಸೋಲಬೇಡಿರಿ. ಬರೆಹಕ್ಕೆ, ಲೆಕ್ಕಕ್ಕೆ ಲಿಬ್ರೆ ಆಫೀಸ್ ಎಂಬುದು ಬಿಟ್ಟಿಯಾಗಿ ದೊರೆಯುತ್ತದೆ. ಕನ್ನಡ ಬರೆಯಲು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವೂ ಹಾಗೆಯೇ. ಬಿಲ್ಲನ್ನು ಕೇಳಿ ಪಡೆಯಿರಿ. ಬಿಲ್ಲಿಲ್ಲದ ಗ್ಯಾರಂಟಿಯು ಬರಿಯ ಬಾಯಿಮಾತು.

ಇಳಕಲ್ಲಿನ ಆ ಮನೆಯವರು ಹೊಳೆಯುವ ಯಂತ್ರವನ್ನು ಬಂದ ಬೆಲೆಗೆ ಮಾರಿದರು. 8ನೆಯ ಪೀಳಿಗೆಯ ಐ5, 16 ಜಿಬಿ ರ‍್ಯಾಮ್, 256 ಜಿಬಿಯ ಎಸ್‌ಎಸ್‌ಡಿ ಇರುವ ಹಳೆಯದೊಂದನ್ನು ಮೊದಲಿನದಕ್ಕಿಂತ ಕಡಿಮೆ ಹಣಕ್ಕೆ ತಂದರು. ಅದರ ಮುಚ್ಚಳದ ಮೇಲೆ ಎರಡು ಗೀರುಗಳಿವೆ. ಈ ವರುಷ ಹುಡುಗಿ ತನ್ನ ಅರ್ಜಿಯನ್ನಲ್ಲದೆ ಓಣಿಯ ಮತ್ತೆ ಮೂವರು ಹುಡುಗಿಯರ ಅರ್ಜಿಗಳನ್ನೂ ಅದರ ಮೇಲೆಯೇ, ಗಡುವಿಗೆ ವಾರ ಮೊದಲೇ ತುಂಬಿದಳೆಂದು ಕೇಳಿ ಸಂತೋಷವಾಯಿತು. ಹೋದ ವರುಷದ ವೇತನವು ಮಾತ್ರ ಮರಳಿ ಬರುವಂತಿಲ್ಲ. ಅಂಥ ನಷ್ಟ ನಮ್ಮ ವಾಚಕರ ಮನೆಯಲ್ಲಿ ಒಂದಾದರೂ ತಪ್ಪಿದರೆ ಈ ಬರೆಹ ಸಾರ್ಥಕ.