ಚೀನವನ್ನು ನೋಡಿ ಕಲಿಯುವುದೆಂದರೆ

ಈಚೆಗೆ ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿಗಳಾಗಿ ಬಂದಿದ್ದ ಮಹನೀಯರೊಬ್ಬರು ವಿದ್ಯಾರ್ಥಿಗಳಿಗೆ ಒಂದು ಉಪದೇಶ ಮಾಡಿದರು. ಅವರದು ಸಿದ್ಧ ಉಡುಪಿನ ವ್ಯಾಪಾರ. “ಚೀನದವನನ್ನು ನೋಡಿ ಕಲಿಯಿರಿ. ಅವನು ಗಡಿಯಾರ ನೋಡಿಕೊಂಡು ದುಡಿಯುವುದಿಲ್ಲ. ನಾವೋ, ಎಂಟು ಗಂಟೆ ಆಯಿತೋ ಇಲ್ಲವೋ ಚೀಲ ಹೆಗಲಿಗೇರಿಸುತ್ತೇವೆ. ಅದಕ್ಕೇ ಇಂದು ಪ್ರಪಂಚವೆಲ್ಲ ಅವನ ಬಟ್ಟೆ ಉಡುತ್ತಿದೆ” ಎಂದರು. ಚಪ್ಪಾಳೆ ಬಿತ್ತು. ವಂದನಾರ್ಪಣೆ ನನ್ನ ಪಾಲಿಗೆ ಬಂದಿತ್ತು. ಹಾರದ ಖರ್ಚಿಗೆ ಮೋಸವಾಗದಂತೆ ನಾಲ್ಕು ಒಳ್ಳೆಯ ಮಾತನಾಡಿ ಕೆಳಗಿಳಿದೆ. ಅಂದು ನುಂಗಿಕೊಂಡದ್ದನ್ನು ಇಂದು ಹೇಳದೆ ವಿಧಿಯಿಲ್ಲ.

ಏಕೆಂದರೆ ಆ ಸಭೆಯಲ್ಲಿ ಕುಳಿತಿದ್ದ ಹೆಣ್ಣುಮಕ್ಕಳಲ್ಲಿ ಹಲವರ ತಾಯಂದಿರು ನಸುಕಿನಲ್ಲೆದ್ದು, ಅಡಿಗೆ ಮುಗಿಸಿ, ಡಬ್ಬಿ ಕಟ್ಟಿಕೊಂಡು ಗಾರ್ಮೆಂಟ್ಸಿನ ವ್ಯಾನು ಹತ್ತುವವರು. ಅವರು ಮನೆ ಸೇರುವ ಹೊತ್ತಿಗೆ ಬೀದಿಯ ದೀಪ ಹತ್ತಿರುತ್ತದೆ. ಅಂಥವರ ಮಕ್ಕಳೆದುರಿಗೆ ಗಡಿಯಾರದ ಮಾತೆತ್ತುವುದು ಬರಿಯ ತಪ್ಪಲ್ಲ, ಅನ್ಯಾಯ.

ಕನ್ನಡ ಮೇಷ್ಟರಿಗೆ ಈ ಉಸಾಬರಿ ಏಕೆ ಎಂದು ಕೇಳುವವರುಂಟು. ವರ್ಷ ವರ್ಷವೂ ಜೇಡರ ದಾಸಿಮಯ್ಯನನ್ನು ಪಾಠ ಹೇಳುವವನು ಮಗ್ಗದ ಗೊಡವೆ ನನಗೇಕೆ ಎನ್ನುವಂತಿಲ್ಲ. ಚೀನದ ಬಟ್ಟೆಯೂ ನಮಗೆ ನಿನ್ನೆ ಮೊನ್ನೆಯದಲ್ಲ. ಕಾಳಿದಾಸನೇ ಶಾಕುಂತಲದಲ್ಲಿ ಚೀನಾಂಶುಕದ ಹೆಸರೆತ್ತಿದ್ದಾನೆ. ಎರಡು ದೇಶಗಳನ್ನು ಹೋಲಿಸಬಾರದೆಂದು ನನ್ನ ವಾದವಲ್ಲ. ಹೋಲಿಸಹೊರಟವರು ಎರಡನ್ನೂ ಸರಿಯಾಗಿ ನೋಡಿರಬೇಕು, ಅಷ್ಟೆ.

ಬಟ್ಟೆ, ಉಡುಪು ಎರಡನ್ನೂ ಕೂಡಿಸಿದರೆ ಈಚಿನ ವರ್ಷಗಳಲ್ಲಿ ಚೀನದ ರಫ್ತು ವರ್ಷಕ್ಕೆ ಸುಮಾರು 300 ಶತಕೋಟಿ ಡಾಲರು. ನಮ್ಮದು 35ರ ಆಸುಪಾಸು. ಎಂಟಕ್ಕೆ ಒಂದು ಎನ್ನೋಣ. ಆದರೆ ನಾವು ಹಿಂದಿನಿಂದ ಓಟ ಶುರುಮಾಡಿದವರಲ್ಲ. ಮುಂಬಯಿಯಲ್ಲಿ ಕಾವಸ್‌ಜಿ ದಾವರ್ ಹತ್ತಿ ಗಿರಣಿಯನ್ನು ಸ್ಥಾಪಿಸಿದ್ದು 1854ರಲ್ಲಿ. ಶಾಂಘಾಯಿಯಲ್ಲಿ ಚೀನೀಯರ ಮೊದಲ ದೊಡ್ಡ ಗಿರಣಿ ಕೆಲಸಕ್ಕೆ ತೊಡಗಿದ್ದು 1890ರ ಸುಮಾರಿಗೆ. ನಮ್ಮ ಗೋಕಾಕದ ಗಿರಣಿ, ಬೆಂಗಳೂರಿನ ಗಿರಣಿ ಕೂಡ ಅದಕ್ಕಿಂತ ತುಸು ಹಿರಿಯವು. ಇನ್ನೂ ಒಂದು ಮಾತು: 1954ರಿಂದ 1983ರ ವರೆಗೆ ಚೀನದಲ್ಲಿ ಬಟ್ಟೆಗೂ ರೇಷನ್ ಚೀಟಿ ಇತ್ತು. ಹಣವಿದ್ದರೂ ಚೀಟಿಯಿಲ್ಲದೆ ಹತ್ತಿಯ ಬಟ್ಟೆ ದೊರೆಯುತ್ತಿರಲಿಲ್ಲ. ಅಂಥ ದೇಶ, ಚೀಟಿ ಹರಿದು ಹಾಕಿದ ಹತ್ತು ಹನ್ನೆರಡು ವರ್ಷಗಳಲ್ಲೇ ಪ್ರಪಂಚದ ಬಟ್ಟೆಯ ವ್ಯಾಪಾರದಲ್ಲಿ ಮೊದಲನೆಯ ಸ್ಥಾನಕ್ಕೆ ಬಂತು.

ಹೇಗೆ ಬಂತು? ಅಗ್ಗದ ಕೂಲಿಯಿಂದ ಎನ್ನುತ್ತಾರೆ ನಮ್ಮ ಮಹನೀಯರು. ಮೊದಮೊದಲು ಅಲ್ಲಿಯ ಕೂಲಿ ಅಗ್ಗವಾಗಿದ್ದುದು ನಿಜ. ಆದರೆ ನಮ್ಮ ಕೂಲಿಯೇನು ದುಬಾರಿಯಾಗಿತ್ತೆ? ಇಂದಂತೂ ಚೀನದ ಕಾರ್ಖಾನೆಯ ಕೂಲಿ ನಮ್ಮದರ ಎರಡು ಮಡಿಗೂ ಮೀರಿದೆ. ಒಂದಷ್ಟು ಹೊಲಿಗೆಯ ಕೆಲಸ ಅಲ್ಲಿಂದ ವಿಯೆಟ್ನಾಮಿಗೂ ಬಾಂಗ್ಲಾದೇಶಕ್ಕೂ ಸರಿದಿದ್ದರೂ ಮೊದಲನೆಯ ಸ್ಥಾನ ಕದಲಿಲ್ಲ. ಕೂಲಿಯ ಅಗ್ಗವೇ ಗೆಲುವಿನ ಗುಟ್ಟಾಗಿದ್ದರೆ ಇಷ್ಟು ಹೊತ್ತಿಗೆ ಶಾಂಘಾಯಿಯವರು ದೊಡ್ಡಬಳ್ಳಾಪುರದ ಬಟ್ಟೆ ಉಡಬೇಕಾಗಿತ್ತು.

ಬಾಂಗ್ಲಾದೇಶ ಅಗ್ಗದಿಂದಲೇ ನಮ್ಮನ್ನು ಹಿಂದೆ ಹಾಕಲಿಲ್ಲವೆ ಎಂದು ಕೇಳಬಹುದು. ಬಡ ದೇಶವೆಂದು ಯುರೋಪು ಅದರ ಉಡುಪಿಗೆ ಸುಂಕ ಬಿಟ್ಟಿತು ಎಂಬುದನ್ನು ಆ ಲೆಕ್ಕದಲ್ಲಿ ಸೇರಿಸಬೇಕು. 2013ರ ಏಪ್ರಿಲಿನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು ಸಾವಿರದ ನೂರಕ್ಕೂ ಹೆಚ್ಚು ಜನ ಸತ್ತರೆಂಬುದನ್ನೂ ಅದೇ ಲೆಕ್ಕದಲ್ಲಿ ಬರೆದುಕೊಳ್ಳಬೇಕು.

ಹಾಗಾದರೆ ವ್ಯತ್ಯಾಸವೆಲ್ಲಿ? ಮೊದಲನೆಯದು ಎಳೆಯಲ್ಲಿ. ಹೊಲವೆಲ್ಲ ಹತ್ತಿಗೆ ಹೋದರೆ ಅನ್ನಕ್ಕೆ ಏನು ಗತಿ ಎಂದು ಯೋಚಿಸಿದ ಚೀನ 1970ರ ದಶಕದಲ್ಲೇ ಕೃತಕ ನೂಲಿನ ದೊಡ್ಡ ಕಾರ್ಖಾನೆಗಳನ್ನು ವಿದೇಶಗಳಿಂದ ತಂದು ನೆಟ್ಟಿತು. ಇಂದು ಪ್ರಪಂಚದ ಕೃತಕ ಎಳೆಯಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚು ಪಾಲು ಅದರದು. ಜಗತ್ತು ಉಡುವ ಬಟ್ಟೆಯೂ ಅತ್ತಲೇ ತಿರುಗಿತು. ನಾವೋ, ಟೆರಿಲೀನ್ ಶರಟು ಶ್ರೀಮಂತರ ಶೋಕಿ ಎಂದು ದಶಕಗಟ್ಟಲೆ ಅದರ ಮೇಲೆ ತೆರಿಗೆ ಜಡಿದೆವು. 2017ರಲ್ಲಿ ಬಂದ ಜಿ.ಎಸ್.ಟಿ.ಯಲ್ಲೂ ಕೃತಕ ಎಳೆಗೆ ನೂರಕ್ಕೆ 18, ಬಟ್ಟೆಗೆ 5 ಎಂಬ ತಲೆಕೆಳಗಾದ ಲೆಕ್ಕ. ಅದನ್ನು ಸರಿಮಾಡಿದ್ದು 2025ರ ಸೆಪ್ಟೆಂಬರಿನಲ್ಲಿ. ಈ ನಡುವೆ ಅಲ್ಲಿಂದ ಬರುವ ಅಗ್ಗದ ಕೃತಕ ಹೆಣಿಗೆಬಟ್ಟೆಯನ್ನು ತಡೆಯಲು 2024ರಲ್ಲಿ ಕನಿಷ್ಠ ಆಮದು ಬೆಲೆಯನ್ನು ಗೊತ್ತುಪಡಿಸಬೇಕಾಯಿತು. ಇದರಲ್ಲಿ ಹೊಲಿಯುವ ಹೆಂಗಸಿನ ತಪ್ಪೇನು?

ಎರಡನೆಯದು ಗಾತ್ರದ ಮಾತು. ಉಡುಪಿನ ತಯಾರಿಕೆ ನಮ್ಮಲ್ಲಿ 2000ದ ವರೆಗೆ ಸಣ್ಣ ಉದ್ಯಮಕ್ಕೆ ಮೀಸಲಾಗಿತ್ತು. ಹೆಣಿಗೆಯ ಉಡುಪು 2005ರ ವರೆಗೆ. ಐವತ್ತು ಮಿಷನ್ನಿನ ಷೆಡ್ಡಿಗೂ ಐದು ಸಾವಿರ ಮಿಷನ್ನಿನ ಕಾರ್ಖಾನೆಗೂ ಸ್ಪರ್ಧೆ ಏರ್ಪಡಿಸಿ, ಸೋತವರನ್ನು ಸೋಮಾರಿಗಳೆಂದು ಕರೆದಂತಾಯಿತು.

ಮೂರನೆಯದು, ಕೆಲಸಗಳ ಒಕ್ಕೂಟ. ಷಾವೋಷಿಂಗ್ ನಗರದ ಕೆಚಿಯಾವೊದಲ್ಲಿ ನೂಲು, ನೇಯ್ಗೆ, ಬಣ್ಣ, ಮಾರುಕಟ್ಟೆ ಎಲ್ಲವೂ ಒಂದೇ ಸುತ್ತಿನಲ್ಲಿವೆ. ಕಾಲುಚೀಲವನ್ನೇ ಕಸುಬು ಮಾಡಿಕೊಂಡ ದಾತಾಂಗ್ ಎಂಬ ಊರೇ ಇದೆ. ನಮ್ಮಲ್ಲಿ ತಿರುಪ್ಪೂರು ಈ ಪಾಠವನ್ನು ತಾನಾಗಿ ಕಲಿತದ್ದರಿಂದಲೇ ಹೆಣಿಗೆಯಲ್ಲಿ ಗೆದ್ದಿತು. ಉಳಿದ ಕಡೆ ಹತ್ತಿ ಬೆಳೆಯುವುದು ಹಾವೇರಿ, ರಾಯಚೂರಿನಲ್ಲಿ, ನೂಲುವುದು ಕೊಯಮತ್ತೂರಿನ ಕಡೆ, ನೇಯುವುದು ಭಿವಂಡಿ, ಇಚಲಕರಂಜಿಗಳಲ್ಲಿ, ಹೊಲಿಯುವುದು ಬೆಂಗಳೂರಿನಲ್ಲಿ. ಬಟ್ಟೆಗಿಂತ ಲಾರಿಯೇ ಹೆಚ್ಚು ದುಡಿಯುತ್ತದೆ. 2011ರ ಸುಮಾರಿಗೆ ನಮ್ಮ ಅರಳೆಯ ಅತಿ ದೊಡ್ಡ ಗಿರಾಕಿ ಚೀನವೇ ಆಗಿತ್ತು. ಅರಳೆ ಮಾರಿ ಬಟ್ಟೆ ಕೊಳ್ಳುವ ಕಷ್ಟವನ್ನು ಮ್ಯಾಂಚೆಸ್ಟರಿನ ಕಾಲದಲ್ಲಿ ಉಂಡವರು ನಾವು; ನೆನಪು ಇಷ್ಟು ಬೇಗ ಮಾಸಬಾರದಿತ್ತು. ರೇಷ್ಮೆಯ ಕಥೆಯೂ ಹಾಗೆಯೇ. ಚೀನದ ಕಚ್ಚಾ ರೇಷ್ಮೆ ಬಂದಿತೆಂದರೆ ರಾಮನಗರದ ಗೂಡಿನ ಮಾರುಕಟ್ಟೆ ನಡುಗುತ್ತದೆ. ಅದನ್ನು ಎದುರಿಸಲು ನಾವು ತಂದ ಸ್ವಯಂಚಾಲಿತ ನೂಲು ಬಿಚ್ಚುವ ಯಂತ್ರಗಳೂ ಚೀನದವೇ!

ನಾಲ್ಕನೆಯ ವ್ಯತ್ಯಾಸವನ್ನು ನಮ್ಮ ಅತಿಥಿಗಳು ಕಾಲೇಜಿನಲ್ಲಿ ನಿಂತೂ ನೆನೆಯಲಿಲ್ಲ. 1981ರ ನಮ್ಮ ಜನಗಣತಿಯಲ್ಲಿ ಓದು ಬಲ್ಲ ಹೆಂಗಸರು ನೂರಕ್ಕೆ 30ರಷ್ಟು. 1982ರ ಚೀನದ ಗಣತಿಯಲ್ಲಿ ಅರ್ಧಕ್ಕಿಂತ ಹೆಚ್ಚು. ರಫ್ತಿನ ಬಾಗಿಲು ತೆರೆದಾಗ ಕಾರ್ಖಾನೆಗೆ ಬಂದ ಅಲ್ಲಿಯ ಹಳ್ಳಿಯ ಹುಡುಗಿ ಶಾಲೆ ಕಂಡವಳು, ಆಸ್ಪತ್ರೆ ಕಂಡವಳು. ಅಳತೆಯ ಪಟ್ಟಿಯನ್ನು ತಾನೇ ಓದಬಲ್ಲವಳು. ಅದು ಗಡಿಯಾರದಿಂದ ಬಂದ ಗುಣವಲ್ಲ, ಶಾಲೆಯ ಗಂಟೆಯಿಂದ ಬಂದದ್ದು.

ಇಷ್ಟು ಹೇಳಿದರೆ, ಕೈಮಗ್ಗದ ಅಭಿಮಾನಿಗಳು ನನ್ನ ಮೇಲೆ ಕೋಪಿಸಿಕೊಳ್ಳಬಹುದು. ದೊಡ್ಡ ಯಂತ್ರದ ವಕೀಲನೆಂದು ಅನ್ನಬಹುದು. ಅವರಿಗೂ ಒಂದು ಮಾತು ಹೇಳಬೇಕು. ನೇಕಾರನನ್ನು ಉಳಿಸಬೇಕೆಂದು 1956ರಲ್ಲಿ ಗಿರಣಿಗಳ ಮಗ್ಗಗಳನ್ನು ಇದ್ದಷ್ಟಕ್ಕೆ ನಿಲ್ಲಿಸಿದೆವು. ಉದ್ದೇಶ ಒಳ್ಳೆಯದೇ. ಆದರೆ ನಡುವೆ ನುಗ್ಗಿ ಲಾಭ ಪಡೆದದ್ದು ಕೈಮಗ್ಗವಲ್ಲ, ವಿದ್ಯುತ್ ಮಗ್ಗ. ಗಿರಣಿ ಸೊರಗಿತು, ಕೈಮಗ್ಗವೂ ಉದ್ಧಾರವಾಗಲಿಲ್ಲ. ಮುಂಬಯಿಯ ಗಿರಣಿಗಳನ್ನು 1982ರ ಮುಷ್ಕರವೇ ಕೊಂದಿತೆನ್ನುವವರು, ನೇಯ್ಗೆ ಅದಕ್ಕೆ ಎಷ್ಟೋ ಮುಂಚೆಯೇ ಭಿವಂಡಿಯ ಷೆಡ್ಡುಗಳಿಗೆ ಜಾರಿತ್ತೆಂಬುದನ್ನು ಮರೆಯುತ್ತಾರೆ. 2019-20ರ ಗಣತಿಯಲ್ಲಿ ನಮ್ಮ ಕೈಮಗ್ಗದ ಕಸುಬುದಾರರು 35 ಲಕ್ಷ. ನೂರಕ್ಕೆ 70ಕ್ಕೂ ಹೆಚ್ಚು ಜನ ಹೆಂಗಸರು. ಇಳಕಲ್ಲಿನ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಬೇಕಾದದ್ದು ಭಾಷಣದ ಕಣ್ಣೀರಲ್ಲ. ಹೊತ್ತಿಗೆ ಸರಿಯಾಗಿ ನೂಲು, ನ್ಯಾಯವಾದ ಬೆಲೆ, ನಕಲಿಗೆ ತಡೆ.

ಇನ್ನು ಚೀನದ ಮತ್ತೊಂದು ಮುಖ. 1998ರಲ್ಲಿ ಅಲ್ಲಿಯ ಸರಕಾರ ಒಂದು ಕೋಟಿ ಹಳೆಯ ಕದಿರುಗಳನ್ನು ಗುಜರಿಗೆ ಹಾಕಿ ಹನ್ನೆರಡು ಲಕ್ಷ ಗಿರಣಿ ಕೆಲಸಗಾರರನ್ನು ಮನೆಗೆ ಕಳಿಸುವ ತೀರ್ಮಾನ ಮಾಡಿತು. ಕೇಳುವವರಿರಲಿಲ್ಲ. ಮುಷ್ಕರ ಹೂಡುವ ಹಕ್ಕನ್ನು 1982ರ ಸಂವಿಧಾನದಲ್ಲೇ ತೆಗೆದುಹಾಕಿದ್ದರು. ಸರಕಾರದ ಕೃಪೆಯ ಒಂದು ಸಂಘ ಬಿಟ್ಟರೆ ಬೇರೆ ಸಂಘಕ್ಕೆ ಅವಕಾಶವಿಲ್ಲ. ಅದರ ಹತ್ತಿಯ ಬಹುಪಾಲು ಬೆಳೆಯುವ ಷಿನ್‌ಜಿಯಾಂಗಿನಲ್ಲಿ ಉಯ್ಘರರನ್ನು ಬಲವಂತದಿಂದ ದುಡಿಸುತ್ತಾರೆಂಬ ಆರೋಪದ ಮೇಲೆ ಅಮೆರಿಕ 2021ರಲ್ಲಿ ಕಾನೂನು ಮಾಡಿ ಅಲ್ಲಿಯ ಸರಕಿಗೆ ಬಾಗಿಲು ಹಾಕಿತು. ಚೀನದ ಸರಕಾರ ಆರೋಪವನ್ನು ಅಲ್ಲಗಳೆಯುತ್ತದೆ. ಆದರೆ ಹೊರಗಿನವರು ಅಲ್ಲಿಗೆ ಹೋಗಿ ಸ್ವತಂತ್ರವಾಗಿ ವಿಚಾರಿಸಲು ಬಿಡುವುದಿಲ್ಲ.

ನಮ್ಮಲ್ಲೇನಾಯಿತು ನೋಡಿ. 2016ರ ಏಪ್ರಿಲಿನಲ್ಲಿ, ಪ್ರಾವಿಡೆಂಟ್ ಫಂಡಿನ ಹಣವನ್ನು ಐವತ್ತೆಂಟು ವರ್ಷವಾಗುವ ವರೆಗೆ ಪೂರ್ತಿಯಾಗಿ ಕೊಡುವುದಿಲ್ಲವೆಂದು ಕೇಂದ್ರ ಸರಕಾರ ನಿಯಮ ಬದಲಿಸಿದಾಗ, ಬೆಂಗಳೂರಿನ ಗಾರ್ಮೆಂಟ್ಸಿನ ಹೆಂಗಸರು ದೊಡ್ಡ ನಾಯಕರಾರೂ ಇಲ್ಲದೆ ರಸ್ತೆಗಿಳಿದರು. ಎರಡು ದಿನ ಹೊಸೂರು ರಸ್ತೆ, ಮೈಸೂರು ರಸ್ತೆಗಳು ಅಲುಗಲಿಲ್ಲ. ಎರಡನೆಯ ದಿನ ಸರಕಾರ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಕಲ್ಲುತೂರಾಟವನ್ನೂ ಬಸ್ಸು ಸುಟ್ಟದ್ದನ್ನೂ ನಾನು ಸಮರ್ಥಿಸುವುದಿಲ್ಲ. ಆದರೆ ಆ ಹೆಂಗಸರು ತಮ್ಮ ಹಣವನ್ನು ಕೇಳಿ ಪಡೆದರು. ಚೀನಕ್ಕಿಂತ ನಮ್ಮಲ್ಲಿ ಹೆಚ್ಚಿರುವುದು ಏನಾದರೂ ಇದ್ದರೆ ಅದು ಇದು.

ನಮ್ಮ ವಿಧಾನಮಂಡಲ 2023ರಲ್ಲಿ ಕಾರ್ಖಾನೆಯ ಕಾನೂನನ್ನು ತಿದ್ದಿತು. ವಾರಕ್ಕೆ 48 ಗಂಟೆಯ ಮಿತಿ ಇಟ್ಟು, ದಿನಕ್ಕೆ ಹನ್ನೆರಡು ಗಂಟೆಯ ವರೆಗೆ ದುಡಿಸಿಕೊಳ್ಳಲು ದಾರಿ ಮಾಡಿತು. ಕೆಲಸಗಾರರ ಲಿಖಿತ ಒಪ್ಪಿಗೆ ಬೇಕೆಂಬ ಮಾತೂ ಅದರಲ್ಲಿದೆ. ತಿಂಗಳ ಬಾಡಿಗೆ ಕಟ್ಟಬೇಕಾದ ಹೆಂಗಸು ಸೂಪರ್‌ವೈಸರನ ಮುಂದೆ ಒಪ್ಪುವುದಿಲ್ಲವೆಂದು ಬರೆದುಕೊಡುವುದು ಎಷ್ಟು ಸುಲಭವೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ. ಚೀನದ ಎಳೆ ಬೇಡ, ಶಾಲೆ ಬೇಡ, ಯಂತ್ರ ಕಟ್ಟುವ ಜಾಣ್ಮೆ ಬೇಡ. ಅದರ ದುಡಿತದ ಹೊತ್ತು ಮಾತ್ರ ಬೇಕು! ಇದು ಅನುಕರಣೆಯೂ ಅಲ್ಲ. ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡ ಹಾಗೆ.

ಆ ಮಹನೀಯರು ಮತ್ತೊಮ್ಮೆ ನಮ್ಮ ಕಾಲೇಜಿಗೆ ಬರುವುದಾದರೆ ನನ್ನ ವಂದನಾರ್ಪಣೆ ಚಿಕ್ಕದಾಗಿರುತ್ತದೆ. ಸ್ವಾಮಿ, ಚೀನವನ್ನು ನೋಡಿ ಕಲಿಯೋಣ. ತಮ್ಮ ಕಾರ್ಖಾನೆಯಿಂದಲೇ ತೊಡಗೋಣ. ಒಳ್ಳೆಯ ಮಿಷನ್ನು ತನ್ನಿ, ಕೂಲಿ ಹೆಚ್ಚಿಸಿ, ಮಕ್ಕಳನ್ನು ನೋಡಿಕೊಳ್ಳುವ ಕೋಣೆಗೆ ಒಬ್ಬ ಆಯಾಳನ್ನು ಇಡಿ. ಗಡಿಯಾರವನ್ನು ಇದ್ದಲ್ಲೇ ಬಿಡಿ. ಸಂಜೆ ಮನೆಗೆ ಹೊರಡುವವರಿಗೆ ಅದು ಬೇಕು.