ಪೋಕರ್ ಆಟಗಾರರಿಗೂ ಒಂದು ಸಂಘ ಬೇಕೇ?

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸುವ ಕಾಯಿದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ರಮ್ಮಿ, ಪೋಕರ್ ಆಡಿಸುತ್ತಿದ್ದ ಹೆಸರಾಂತ ಕಂಪನಿಗಳು ಕೆಲವೇ ದಿನಗಳಲ್ಲಿ ಹಣದ ಆಟ ನಿಲ್ಲಿಸಿದವು. ಆ ಬಳಿಕ ಬಳ್ಳಾರಿ ಜಿಲ್ಲೆಯ ಕಂಪ್ಲಿ ಕಡೆ ಸೇವೆಯಲ್ಲಿರುವ ನನ್ನ ಸೆಮಿನರಿ ಸಹಪಾಠಿಯೊಬ್ಬರು ಫೋನ್ ಮಾಡಿದ್ದರು. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಯುವಕನೊಬ್ಬ ಅವರ ಬಳಿ ಬಂದು, "ಫಾದರ್, ನನ್ನ ಹದಿನೆಂಟು ಸಾವಿರ ಪೋಕರ್ ಆ್ಯಪ್‌ನೊಳಗ ಸಿಕ್ಕೊಂಡೈತ್ರಿ. ನಾವು ನಾಲ್ಕೈದು ಮಂದಿ ಅದೀವಿ. ಸಂಘ ಮಾಡ್ಕೊಂಡ್ರ ತಪ್ಪೇನ್ರಿ?" ಎಂದು ಕೇಳಿದನಂತೆ.

ಜೂಜಾಡುವವರಿಗೂ ಸಂಘವೇ ಎಂದು ನನಗೆ ಮೊದಲು ನಗು ಬಂತು. ಆಮೇಲೆ ಯೋಚಿಸಿದರೆ ಅದು ನಗುವ ಪ್ರಶ್ನೆಯಲ್ಲ.

ಏಕೆಂದರೆ ಆಟ ಆಡಿಸುವವರು ಎಂದೋ ಸಂಘಟಿತರಾಗಿದ್ದಾರೆ. 2013ರಲ್ಲಿ ಇಂಡಿಯನ್ ಪೋಕರ್ ಅಸೋಸಿಯೇಷನ್ ಎಂಬ ಸಂಸ್ಥೆ ಕರ್ನಾಟಕ ಹೈಕೋರ್ಟಿಗೆ ಹೋಗಿ, ಪೋಕರ್ ಕೌಶಲದ ಆಟ ಎಂಬ ನೆಲೆಯಲ್ಲಿ ಅನುಕೂಲಕರ ಆದೇಶ ಪಡೆಯಿತು. 2021ರ ಅಕ್ಟೋಬರ್‌ನಲ್ಲಿ ರಾಜ್ಯ ಸರಕಾರ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಆನ್‌ಲೈನ್ ಬಾಜಿ ನಿಷೇಧಿಸಿದಾಗ ಆಲ್ ಇಂಡಿಯಾ ಗೇಮಿಂಗ್ ಫೆಡರೇಷನ್ ಮತ್ತು ಕಂಪನಿಗಳು ದೊಡ್ಡ ವಕೀಲರನ್ನಿಟ್ಟು ವಾದಿಸಿದವು; 2022ರ ಫೆಬ್ರವರಿ 14ರಂದು ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಕಲಮುಗಳನ್ನು ರದ್ದುಪಡಿಸಿತು. 2025ರ ಕಾಯಿದೆಯ ವಿರುದ್ಧವೂ ರಮ್ಮಿ ಕಂಪನಿಯೊಂದು ಮೊದಲು ನಮ್ಮ ಹೈಕೋರ್ಟಿನ ಕದ ತಟ್ಟಿತು. ಅದೇ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಇಂಥ ಎಲ್ಲ ಅರ್ಜಿಗಳನ್ನು ತನ್ನ ಬಳಿಗೆ ತರಿಸಿಕೊಂಡಿತು. ಈ ಎಲ್ಲ ಕಡೆ ವಾದ ನಡೆದದ್ದು ಕೌಶಲವೋ ಅದೃಷ್ಟವೋ, ವ್ಯಾಪಾರದ ಹಕ್ಕು ಉಂಟೋ ಇಲ್ಲವೋ ಎಂಬುದರ ಮೇಲೆ. ಗಿರಣಿ ಗುಮಾಸ್ತನ ಹದಿನೆಂಟು ಸಾವಿರದ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಆಟಗಾರನ ಹಿತ ಬೇರೆ, ಕಂಪನಿಯ ಹಿತ ಬೇರೆ. ಪೋಕರ್‌ನಲ್ಲಿ ಕಂಪನಿ ಸೋಲುವುದಿಲ್ಲ, ಗೆಲ್ಲುವುದೂ ಇಲ್ಲ; ಪ್ರತಿ ಆಟದ ಕೂಡುಹಣದಿಂದ ತನ್ನ ಪಾಲು ತೆಗೆದುಕೊಳ್ಳುತ್ತದೆ. 2023ರ ಏಪ್ರಿಲ್‌ನಿಂದ ನಿವ್ವಳ ಗೆಲುವಿನ ಮೇಲೆ ಶೇ. 30 ತೆರಿಗೆ ಮೂಲದಲ್ಲೇ ಕಡಿತವಾಗುತ್ತಿತ್ತು. ಅದೇ ಅಕ್ಟೋಬರ್‌ನಿಂದ ಕಟ್ಟುವ ಹಣದ ಮೇಲೆಯೇ ಶೇ. 28 ಜಿಎಸ್‌ಟಿ ಬಂತು. ಇದೆಲ್ಲ ಕಳೆದು ಉಳಿದದ್ದನ್ನು ಆಟಗಾರರು ಒಬ್ಬರಿಂದೊಬ್ಬರು ಕಿತ್ತುಕೊಳ್ಳಬೇಕು.

ಸಂಘದ ಪ್ರಶ್ನೆಗೆ ತೊಡಕು ಇಲ್ಲೇ ಇದೆ. 1891ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ಕಾರ್ಮಿಕರ ಸಂಘಟನೆಯ ಹಕ್ಕನ್ನು ಎತ್ತಿಹಿಡಿದದ್ದು ಅವರೆಲ್ಲರ ಹಿತ ಒಂದೇ ಆಗಿದ್ದರಿಂದ. ಕಂಪ್ಲಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಭತ್ತ ಬೆಳೆಯುವ ರೈತರೆಲ್ಲರ ಎದೆ ಒಟ್ಟಿಗೆ ಧಸಕ್ಕೆಂದಿತು. ನೀರು ಬಂದರೆ ಎಲ್ಲರಿಗೂ ಬೆಳೆ, ಹೋದರೆ ಎಲ್ಲರಿಗೂ ನಷ್ಟ. ಪೋಕರ್ ಮೇಜಿನಲ್ಲಿ ಹಾಗಲ್ಲ. ಸಂಘದ ಅಧ್ಯಕ್ಷನ ಗೆಲುವು ಕಾರ್ಯದರ್ಶಿಯ ಸೋಲು ಆಗಬಹುದು. ಆಟವನ್ನೇ ಜೀವನೋಪಾಯ ಮಾಡಿಕೊಂಡ ಕೆಲವರಿಗೆ ಹೊಸಬರು ಬರುತ್ತಲೇ ಇರಬೇಕು, ಸೋಲುತ್ತಲೇ ಇರಬೇಕು. ಅಂಥವರ ಹಿತ ಕಾಯುವ ಸಂಘಕ್ಕೆ ಸೋತವನು ಚಂದಾ ಕೊಡುವುದು ಯಾವ ನ್ಯಾಯ?

ಅಮೆರಿಕದಲ್ಲಿ ಇದು ನಡೆದುಹೋಗಿದೆ. 2005ರಲ್ಲಿ ಪೋಕರ್ ಪ್ಲೇಯರ್ಸ್ ಅಲಯನ್ಸ್ ಎಂಬ ಸಂಘ ಹುಟ್ಟಿತು. ಹತ್ತು ಲಕ್ಷ ಸದಸ್ಯರಿದ್ದಾರೆಂದು ಹೇಳಿಕೊಳ್ಳುತ್ತಿತ್ತು. 2011ರ ಏಪ್ರಿಲ್ 15ರಂದು ಸರಕಾರ ದೊಡ್ಡ ಪೋಕರ್ ತಾಣಗಳನ್ನು ಮುಚ್ಚಿಸಿತು. ಫುಲ್ ಟಿಲ್ಟ್ ಎಂಬ ಕಂಪನಿಯಲ್ಲಿ ಆಟಗಾರರ ಠೇವಣಿಯ ಬಹುಪಾಲು ಇರಲಿಲ್ಲ, ಖರ್ಚಾಗಿಹೋಗಿತ್ತು. ಆ ಕಂಪನಿಯ ಇಬ್ಬರು ನಿರ್ದೇಶಕರು ಆಟಗಾರರ ಸಂಘದ ಆಡಳಿತ ಮಂಡಳಿಯಲ್ಲೂ ಕುಳಿತಿದ್ದರು! ಸಂಘದ ಖರ್ಚಿಗೂ ಬಹುಪಾಲು ಹಣ ಉದ್ಯಮದಿಂದಲೇ ಬರುತ್ತಿತ್ತು. ಅಲ್ಲಿನ ಆಟಗಾರರಿಗೆ ಹಣ ಮರಳತೊಡಗಿದ್ದು 2014ರಲ್ಲಿ, ಅದೂ ನ್ಯಾಯ ಇಲಾಖೆಯ ಮೂಲಕ. ಆ ಕೊನೆಯ ಹಂತದಲ್ಲಿ, ಯಾರಿಗೆ ಎಷ್ಟು ಬರಬೇಕೆಂಬ ಲೆಕ್ಕದಲ್ಲಿ ಸಂಘ ಸ್ವಲ್ಪ ಉಪಯೋಗಕ್ಕೆ ಬಂತೆನ್ನಬೇಕು.

ನಮ್ಮಲ್ಲೂ ಪ್ರಶ್ನೆ ಇರುವುದು ಆ ಉಳಿಕೆ ಹಣದ್ದೇ. ವಿನ್‌ಝೋ ಎಂಬ ಕಂಪನಿ ನಿಷೇಧದ ಬಳಿಕವೂ ಗ್ರಾಹಕರ 43 ಕೋಟಿ ರೂಪಾಯಿ ಮರಳಿಸದೆ ಇಟ್ಟುಕೊಂಡಿದೆ ಎಂದು ಜಾರಿ ನಿರ್ದೇಶನಾಲಯ 2025ರ ನವೆಂಬರ್‌ನಲ್ಲಿ ಆರೋಪಿಸಿತು. ಬಾಜಿಯಲ್ಲಿ ಗೆದ್ದ ಹಣಕ್ಕೆ ದಾವೆ ಹೂಡಲು 1872ರ ಕರಾರು ಕಾಯಿದೆಯ 30ನೇ ಕಲಮು ಅಡ್ಡ ಬರುತ್ತದೆ. ಆದರೆ ಇನ್ನೂ ಬಾಜಿಗೆ ಇಡದ, ಖಾತೆಯಲ್ಲಿ ಉಳಿದ ಠೇವಣಿ ಬೇರೆ ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಒಂದೇ ಬಗೆಯ ತಕರಾರು ಇರುವ ಹಲವರು ಆಯೋಗದ ಅನುಮತಿ ಪಡೆದು ಒಟ್ಟಾಗಿ ದೂರು ಕೊಡಬಹುದು. ಅದಕ್ಕೂ ಮೊದಲು 1915 ಸಂಖ್ಯೆಯ ಗ್ರಾಹಕ ಸಹಾಯವಾಣಿಗೆ ಹೇಳಬಹುದು. ಹೊಸ ಕಾಯಿದೆ ಶಿಕ್ಷಿಸುವುದು ಆಡಿಸುವವರನ್ನು, ಜಾಹೀರಾತು ಕೊಡುವವರನ್ನು, ಹಣ ಸಾಗಿಸುವವರನ್ನು. ಆಡಿದವನನ್ನಲ್ಲ ಎಂದು ಕೇಂದ್ರ ಸರಕಾರವೇ ಹೇಳಿದೆ. ಈ ಮಾತನ್ನು ನಮ್ಮ ಯುವಜನರಿಗೆ ತಿಳಿಸುವುದು ಅಗತ್ಯ, ಏಕೆಂದರೆ ಹೆದರಿ ಸುಮ್ಮನಿರುವವರೇ ಹೆಚ್ಚು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಠೇವಣಿ ವಾಪಸು ಪಡೆಯಲು ಒಟ್ಟಾಗುವುದು ತಪ್ಪಲ್ಲ, ಒಟ್ಟಾಗಲೇಬೇಕು. ಆದರೆ ಕಂಪನಿಯ ಒಂದು ಪೈಸೆಯೂ ಅದರಲ್ಲಿ ಬೇಡ. ಹಣ ಬಂದ ದಿನ ಸಂಘವನ್ನು ಬರಖಾಸ್ತು ಮಾಡಬೇಕು. ಆಟ ಮತ್ತೆ ಶುರುವಾಗಲಿ ಎಂದು ಹೋರಾಡುವ ಸಂಘಕ್ಕೆ ನಾನು ಹರಸಲಾರೆ.

ಇದನ್ನು ಬರೆಯುವಾಗ ನನಗೂ ಸ್ವಲ್ಪ ಸಂಕೋಚವಿದೆ. ನಮ್ಮ ಚರ್ಚ್ ಹಬ್ಬಗಳಲ್ಲಿ ಹೌಸಿ ಆಡಿಸುತ್ತೇವೆ, ಲಕ್ಕಿ ಡ್ರಾ ಕೂಪನ್ ಮಾರುತ್ತೇವೆ. ಅದೃಷ್ಟದಾಟ ತನ್ನಷ್ಟಕ್ಕೇ ಪಾಪವಲ್ಲ, ತನ್ನ ಮತ್ತು ಪರರ ಬದುಕಿಗೆ ಬೇಕಾದದ್ದನ್ನು ಕಸಿದಾಗ ಅದು ಸಲ್ಲದು ಎಂದು ಕಥೋಲಿಕ ಧರ್ಮೋಪದೇಶ ಹೇಳುತ್ತದೆ. ಹತ್ತು ರೂಪಾಯಿಯ ಹೌಸಿ ಚೀಟಿಗೂ ರಾತ್ರಿ ಎರಡು ಗಂಟೆಗೆ ಹೊದಿಕೆಯೊಳಗೆ ಮೊಬೈಲಿನಲ್ಲಿ ಕರಗುವ ಸಂಬಳಕ್ಕೂ ಇರುವ ಅಂತರ ಅದೇ.

ಕಂಪ್ಲಿಯ ಆ ಯುವಕ ಖಾತೆಯ ಚಿತ್ರ, ಬ್ಯಾಂಕಿನ ಸ್ಟೇಟ್‌ಮೆಂಟು ಎರಡನ್ನೂ ತೆಗೆದಿಟ್ಟುಕೊಂಡು ದೂರು ಬರೆದಿದ್ದಾನೆ ಎಂದು ಸಹಪಾಠಿ ಆಮೇಲೆ ತಿಳಿಸಿದರು. ಉಳಿದ ನಾಲ್ವರಲ್ಲಿ ಇಬ್ಬರು ಸಹಿ ಹಾಕಿದರಂತೆ. ಮತ್ತಿಬ್ಬರು, ಮನೆಯಲ್ಲಿ ಗೊತ್ತಾದರೆ ಕಷ್ಟ ಎಂದು ಹಿಂದೆ ಸರಿದರು.